ಶುಕ್ರವಾರದ ಕೂಟ ನಿನ್ನದು

ಮಗಳೇ,

ನಮ್ಮ ಚರ್ಚಿನ ಸಭೆಯ ಉಜ್ಜೀವನ ಶಿಬಿರ ಶುರುವಾಗುವುದು ನಾಳೆ. ನಾನು ಇವತ್ತೇ ಹೊರಟಿದ್ದೇನೆ, ಬೇಕೆಂದೇ. ಸಂಜೆ ಆರಕ್ಕೆ ಹೆಂಗಸರ ಪ್ರಾರ್ಥನಾ ಕೂಟಕ್ಕೆ ಎಲ್ಲರೂ ಮನೆಗೆ ಬರುತ್ತಾರೆ. ನಡೆಸುವವಳು ನೀನು. ಎದುರಿಗೆ ಹೇಳಿದ್ದರೆ "ನನ್ನ ಕೈಲಾಗಲ್ಲ ಅತ್ತೆ" ಅಂತ ರಾಗ ಎಳೆಯುತ್ತಿದ್ದೆ.

ಕುರ್ಚಿ ಸಾಲದಿದ್ದರೆ ಚಾಪೆ ಹಾಸು. ಬೈಬಲಿನಲ್ಲಿ ಓದಬೇಕಾದ ವಾಕ್ಯಕ್ಕೆ ಗುರುತು ಇಟ್ಟಿಲ್ಲ, ನೀನೇ ಆರಿಸು. ನರ್ಸಮ್ಮ ಪ್ರಾರ್ಥನೆಗೆ ಶುರುವಿಟ್ಟರೆ ತಾನು ನೋಡಿದ ರೋಗಿಗಳನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಾಳೆ. ಅವಳು ಉಸಿರು ಎಳೆದುಕೊಳ್ಳುವಾಗ ಗಟ್ಟಿಯಾಗಿ ಆಮೆನ್ ಅಂದುಬಿಡು. ಟೀ ಕಾಯಿಸಲು ನಿನ್ನ ಗಂಡನಿಗೆ ಹೇಳಿದ್ದೇನೆ. ಸಕ್ಕರೆ ಮಾತ್ರ ನೀನು ಹಾಕು, ಅವನ ಕೈ ಧಾರಾಳ.

ಫೋನ್ ಮಾಡಬೇಡ, ಎತ್ತುವುದಿಲ್ಲ.

ಹೋದ ವರ್ಷ ಶಿಬಿರದ ಫಾರಂನಲ್ಲಿ "ನಿಮ್ಮ ನಂತರ ಯಾರನ್ನು ತಯಾರು ಮಾಡಿದ್ದೀರಿ?" ಅಂತ ಕೇಳಿದ್ದರು. ಇಪ್ಪತ್ತು ವರ್ಷ ಕೂಟ ನಡೆಸಿದವಳು ಆ ಜಾಗ ಖಾಲಿ ಬಿಟ್ಟು, ತಲೆ ತಗ್ಗಿಸಿಕೊಂಡು ಬಂದೆ. ಪ್ರತಿ ಶುಕ್ರವಾರ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು, ನಾನು ಓದುವ ಮೊದಲೇ ವಾಕ್ಯವನ್ನು ತುಟಿಯಲ್ಲಿ ಹೇಳಿಕೊಳ್ಳುವುದನ್ನು ನಾನು ನೋಡಿಲ್ಲ ಅಂದುಕೊಂಡೆಯಾ?

ಈ ಸಲದ ಫಾರಂನಲ್ಲಿ ನಿನ್ನ ಹೆಸರಿದೆ. ಕಳಿಸಿ ತಿಂಗಳಾಯಿತು.

ಅತ್ತೆ