ನನ್ನ ಹೆಸರಿಗೊಂದು ಕಾರ್ಡ್

ಮಹಡಿ ಮನೆ, ಹೊಲಿಗೆ ಮಿಷನ್ನಿನ ಪಕ್ಕದಿಂದ
ಮಾರ್ಚ್ ೪, ಮಂಗಳವಾರ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಹಡಗಿನಲ್ಲಿ ಅಷ್ಟು ಜನಕ್ಕೆ ಅಡುಗೆ ಮಾಡಿ ಬಡಿಸಿ, ನೀವು ಮಾತ್ರ ಆರಿದ್ದನ್ನೇ ತಿನ್ನುತ್ತೀರೆಂದು ನನಗೆ ಗೊತ್ತು. ಸೊಂಟದ ನೋವಿಗೆ ಕಳಿಸಿದ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀರೋ, ಪೆಟ್ಟಿಗೆಯಲ್ಲೇ ಇದೆಯೋ? ನಾನು, ಮಗಳು ಚೆನ್ನಾಗಿದ್ದೇವೆ. ನಿನ್ನೆಯಿಂದಂತೂ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮೊದಲು ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಕಳೆದ ವರ್ಷ ಕಸೂತಿ ಮಿಷನ್ನನ್ನು ಕಂತಿನಲ್ಲಿ ಕೊಳ್ಳೋಣವೆಂದು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದೆ. ಮಿಷನ್ ಇದ್ದರೆ ಶಾಲೆಯ ಸಮವಸ್ತ್ರಕ್ಕೆ ಲಾಂಛನ ಹೊಲಿಯುವ ಕೆಲಸ ನನಗೇ ಸಿಗುತ್ತಿತ್ತು. ಎರಡೇ ದಿನದಲ್ಲಿ, ಕಾರ್ಡ್ ಕೊಡಲಾಗುವುದಿಲ್ಲವೆಂದು ಸಂದೇಶ ಬಂತು. ಮೈಯೆಲ್ಲ ಉರಿದುಹೋಯಿತು. ಮನೆಸಾಲದ ರಸೀದಿಗಳ ಡಬ್ಬ ಹೊತ್ತುಕೊಂಡೇ ಬ್ಯಾಂಕಿಗೆ ಹೋದೆ. ಹನ್ನೊಂದು ವರ್ಷ ಒಂದು ಕಂತೂ ತಪ್ಪದಂತೆ ಸಾಲಿನಲ್ಲಿ ನಿಂತು ಕಟ್ಟಿದವಳು ನಾನಲ್ಲವೇ? ಕೌಂಟರಿನ ಕನ್ನಡಕದ ಹುಡುಗಿ ಸಮಾಧಾನವಾಗಿ ಎಲ್ಲ ನೋಡಿದಳು. "ಕಟ್ಟಿದ್ದು ನೀವೇ ಇರಬಹುದು ಅಮ್ಮಾ, ಆದ್ರೆ ಸಾಲ ಇರೋದು ಯಜಮಾನ್ರ ಹೆಸರಲ್ಲಿ. ಹಿಂದೆ ಸಾಲ ತಗೊಂಡು ಹೇಗೆ ತೀರಿಸಿದ್ರು, ಆದಾಯ ಎಷ್ಟಿದೆ ಅಂತ ನೋಡೇ ಕಾರ್ಡ್ ಕೊಡೋದು. ನಿಮ್ಮ ಬಗ್ಗೆ ಕೆಟ್ಟದ್ದೇನೂ ಇಲ್ಲ. ಏನೂ ಇಲ್ಲ, ಅಷ್ಟೇ" ಅಂದಳು. ವಾರಕ್ಕೊಂದು ಕೊಡೆ ಕಳೆದುಕೊಂಡು ಬರುವ ನೀವು ಬ್ಯಾಂಕಿನ ಪಾಲಿಗೆ ದಿನ ತಪ್ಪದ ಮನುಷ್ಯ! ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ. ಮನೆಗೆ ಬಂದು ಸ್ವಲ್ಪ ಅತ್ತದ್ದೂ ನಿಜ.

ದಾರಿ ತೋರಿಸಿದವಳೂ ಆ ಹುಡುಗಿಯೇ. ಹೊಲಿಗೆಯಲ್ಲಿ ಕೂಡಿಟ್ಟದ್ದನ್ನು ಠೇವಣಿ ಇಟ್ಟರೆ ಅದರ ಮೇಲೆ ಸಣ್ಣದೊಂದು ಕಾರ್ಡ್ ಕೊಡುತ್ತಾರಂತೆ. ಇಟ್ಟೆ. ತಿಂಗಳು ತಿಂಗಳೂ ದಾರ, ಗುಂಡಿ, ಜಿಪ್ಪು ಇಷ್ಟನ್ನೇ ಅದರಲ್ಲಿ ಕೊಂಡು, ಬಿಲ್ ಬಂದ ದಿನವೇ ಪೂರ್ತಿ ಕಟ್ಟುತ್ತಿದ್ದೆ. "ಬ್ಯಾಂಕಿನೋರು ಬಿಲ್ ಕಳಿಸಿ ಇನ್ನೂ ಕೈ ತೊಳ್ಕೊಂಡಿರಲ್ಲ, ನೀನಾಗ್ಲೇ ಕಟ್ಬಿಟ್ಯಾ?" ಎಂದು ನಿಮ್ಮ ಮಗಳ ಗೇಲಿ ಬೇರೆ. ಹತ್ತು ತಿಂಗಳ ಮೇಲೆ ದೊಡ್ಡ ಕಾರ್ಡಿಗೆ ಮತ್ತೆ ಅರ್ಜಿ ಹಾಕಿದೆ. ಒಪ್ಪಿದರು ರೀ!

ನಿನ್ನೆ ಕೊರಿಯರ್‌ನವನು ತಂದಾಗ ಕೆಳಗಿನ ಮನೆಯ ಅಜ್ಜಿ ಲಕೋಟೆಯ ಹೆಸರು ಕೇಳಿ, "ಆ ಹೆಸರಿನೋರು ಇಲ್ಲಿ ಯಾರೂ ಇಲ್ಲಪ್ಪಾ" ಎಂದು ವಾಪಸು ಕಳಿಸಿಯೇಬಿಟ್ಟಿದ್ದರು. ಪಾಪ, ಹದಿನೈದು ವರ್ಷದಿಂದ ಅವರಿಗೆ ನಾನು ಬರೀ ಟೈಲರಮ್ಮ. ಕಿಟಕಿಯಲ್ಲಿ ಕೇಳಿಸಿದ್ದೇ ತಡ, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿರುವಂತೆಯೇ ಬರಿಗಾಲಲ್ಲಿ ಓಡಿದೆ. "ನಿಲ್ಲಪ್ಪಾ, ಅದು ನಾನೇ!" ಎಂದು ಬೀದಿಯಲ್ಲಿ ನಿಂತು ನನ್ನ ಹೆಸರನ್ನು ನಾನೇ ಕೂಗಿಕೊಂಡೆ. ಎಷ್ಟು ಖುಷಿಯಾಯಿತೆಂದರೆ ಸಹಿ ಸೊಟ್ಟಗಾಯಿತು. ಕಸೂತಿ ಮಿಷನ್ ಶುಕ್ರವಾರ ಬರುತ್ತದೆ. ಶಾಲೆಯವರು ಮುನ್ನೂರು ಲಾಂಛನ ಹೊಲಿಯುವ ಕೆಲಸ ಒಪ್ಪಿಸಿದ್ದಾರೆ.

ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಮಗಳು ನಿಮಗೊಂದು ಮುತ್ತು ಕಳಿಸಿದ್ದಾಳೆ. ಬಿಸಿಯಿರುವಾಗಲೇ ಉಣ್ಣಿ.

ನಿಮ್ಮ
ಟೈಲರಮ್ಮ

ಮರೆತಿದ್ದೆ. ನಿಮ್ಮ ಮನೆಸಾಲದ ಕಂತಿಗೆ ಹದಿನೆಂಟು ಕೊನೆಯ ದಿನ. ಫೋನಿನಲ್ಲೇ ಕಟ್ಟಬಹುದು. ಈ ತಿಂಗಳಿಂದ ನೀವೇ ನೆನಪಿಟ್ಟುಕೊಂಡು ಕಟ್ಟಿ. ನನಗೆ ಇಪ್ಪತ್ತಕ್ಕೆ ನನ್ನ ಕಾರ್ಡಿನದು ಕಟ್ಟುವುದಿದೆ.