ದೋಣಿಯಜ್ಜಿಯನ್ನು ಆಚೆ ಕಳಿಸಿದ್ದು

ಮನೆ, ಮಹಡಿಯ ಕೋಣೆ
ಶನಿವಾರ, ಮಾರ್ಚ್ ೧೪

ಪ್ರೀತಿಯ ಗುಂಡಣ್ಣಾ,

ಹೇಗಿದ್ದೀಯ? ಕೆಮ್ಮು ಹೋಯಿತಾ ಇಲ್ಲವಾ? ಹೋದ ಪತ್ರದಲ್ಲಿ “ಸ್ವಲ್ಪ ಇದೆ” ಎಂದು ಬರೆದಿದ್ದೆ. ನಿನ್ನ ಸ್ವಲ್ಪ ಎಂದರೆ ಎಷ್ಟು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಮರದಿಂದ ಬಿದ್ದು ಕೈ ಮುರಿದುಕೊಂಡು ಬಂದಾಗಲೂ ಸ್ವಲ್ಪ ನೋವಿದೆ ಎಂದವನು ನೀನು. ಆ ದ್ವೀಪದ ಹವಾಮಾನ ಕೇಂದ್ರದಲ್ಲಿ ಕೂತು ಲೋಕಕ್ಕೆಲ್ಲ ಗಾಳಿ ಎತ್ತ ಬೀಸುತ್ತದೆ ಎಂದು ಹೇಳುತ್ತೀಯ, ನೀನು ಮಾತ್ರ ಅಂಗಿಯ ಗುಂಡಿ ಹಾಕದೆ ಓಡಾಡುತ್ತೀಯ. ನಾನು ಹೆಣೆದ ಮಫ್ಲರ್ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು, ಒಪ್ಪಿದೆ. ಆದರೆ ಅಲ್ಲಿ ನಿನ್ನನ್ನು ನೋಡಿ ನಗುವುದಕ್ಕೆ ಕಡಲಹಕ್ಕಿಗಳನ್ನು ಬಿಟ್ಟರೆ ಯಾರಿದ್ದಾರೆ? ಸುತ್ತಿಕೋ. ನಿನ್ನ ಭಾವ ಆರಾಮಾಗಿದ್ದಾರೆ, ಅವರು ಯಾವಾಗ ಆರಾಮಾಗಿರಲಿಲ್ಲ? ನನ್ನ ಆರೋಗ್ಯಕ್ಕೂ ಏನೂ ಆಗಿಲ್ಲ. ಆದರೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಈ ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ಒಲೆ ಆರಿಸಿದ್ದೇನಾ ಎಂದು ನೋಡಿ ಬಂದೆ. ಒಲೆ ಹಚ್ಚಿಯೇ ಇರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದ್ವೀಪಕ್ಕೆ ಮಾತು ಅರ್ಧ ಮಾತ್ರ ತಲುಪುತ್ತದೆ, ಈ ವಿಷಯ ಅರ್ಧ ತಲುಪಿದರೆ ನೀನು ಅಲ್ಲಿಂದಲೇ ಕೂಗಾಡುತ್ತೀಯ. ಅದಕ್ಕೇ ಕಾಗದ.

ವಿಷಯ ಇಷ್ಟು. ನಮ್ಮ ಕಂಪನಿ ಮಾರಾಟವಾಗುತ್ತಿದೆಯಂತೆ. ಕಟ್ಟಡವಲ್ಲ, ಕುರ್ಚಿ ಮೇಜಲ್ಲ, ನಮ್ಮ “ಆಚೆದಡ” ಆಟವೇ, ಹೆಸರು, ಕಥೆ, ಪಾತ್ರಗಳ ಸಮೇತ. ಪಕ್ಕದ ಮನೆಯಾಕೆ ಇವತ್ತಿಗೂ ನನ್ನನ್ನು ಮೆಟ್ಟಿಲಲ್ಲಿ ತಡೆದು, “ಅದೇನ್ ಆಟ ರೀ ಅದು, ಬೋರ್ಡಿಲ್ಲ, ಕಾಯಿಲ್ಲ, ಗೆದ್ದೋರೂ ಇಲ್ಲ, ಸೋತೋರೂ ಇಲ್ಲ?” ಎಂದು ಕೇಳುತ್ತಾರೆ. ನಾನೂ ಪ್ರತಿ ಸಲ ಒಂದನೇ ತರಗತಿಯ ಟೀಚರ್ ಹಾಗೆ ವಿವರಿಸುತ್ತೇನೆ: ನಾಲ್ಕು ಜನ ಮೇಜಿನ ಸುತ್ತ ಕೂರುತ್ತಾರೆ, ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಆಗುತ್ತದೋ ಇಲ್ಲವೋ ಎಂಬ ಕಡೆ ದಾಳ ಉರುಳಿಸುತ್ತಾರೆ, ಆ ಕಥೆಯ ಹೊಳೆ, ಊರು, ಜನ, ನಿಯಮ ಎಲ್ಲ ಇರುವ ಪುಸ್ತಕಗಳನ್ನು ನಾವು ಮಾಡುತ್ತೇವೆ. ಆಕೆ ತಲೆಯಾಡಿಸಿ, “ದೊಡ್ಡೋರೂ ಆಡ್ತಾರಾ ಇದನ್ನ?” ಎಂದು ಕೇಳುತ್ತಾರೆ. ದೊಡ್ಡವರೇ ಆಡುವುದು, ಅದೇ ತೊಂದರೆ. ಸುದ್ದಿ ಹಬ್ಬಿದಾಗಿನಿಂದ ಇಂಟರ್‌ನೆಟ್ಟಿನಲ್ಲಿ ಅವರ ಗೋಳು ಕೇಳಲಾಗುತ್ತಿಲ್ಲ. ಆಟ ಮಾರಿದರೆ ಗಡ್ಡ ಬೋಳಿಸಿಬಿಡುತ್ತೇನೆ ಎಂದು ಒಬ್ಬ ಬೆದರಿಕೆ ಹಾಕಿದ್ದಾನೆ. ಬೋಳಿಸಿಕೊಂಡರೆ ಯಾರಿಗೇನು ನಷ್ಟವೋ ಗೊತ್ತಿಲ್ಲ.

ಎಲ್ಲ ಶುರುವಾದದ್ದು ಒಂದು ಅಳತೆ ಟೇಪಿನಿಂದ. ಎರಡು ವಾರದ ಹಿಂದೆ ಇಬ್ಬರು ಅಪರಿಚಿತರು ಬಂದು ಕೆಳಗಿನ ಹಾಲನ್ನು ಮೂಲೆಯಿಂದ ಮೂಲೆಗೆ ಅಳೆದು ಹೋದರು. ಮರುದಿನ ನಮ್ಮ ಮಾಲೀಕರು ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದರು. ಅವರ ಬಾಗಿಲಿಗೆ ಚಿಲಕ ಇದೆ ಎಂಬುದೇ ನಮಗೆ ಅವತ್ತು ಗೊತ್ತಾದದ್ದು. ಅಷ್ಟು ಸಾಕಾಯಿತು. ನಮ್ಮ ಲೆಕ್ಕದಮ್ಮ, ಅದೇ, ಸಂಬಳ ಹಂಚುವಾಗ ಸ್ವಂತ ಕಿಸೆಯಿಂದ ಕೊಡುವವರ ಹಾಗೆ ಮುಖ ಮಾಡುತ್ತಾರಲ್ಲ, ಅವರು “ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ” ಎಂದು ಪೀಠಿಕೆ ಹಾಕಿ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಎಲ್ಲ ಹೇಳಿದರು. ಮೊದಲು ಕೊಳ್ಳುವವರು ಬಿಸ್ಕತ್ತು ಕಂಪನಿ ಎಂದಾಯಿತು. ಆಮೇಲೆ ಸಿನಿಮಾದವರು. ಕೊನೆಗೆ ಎಲ್ಲಿಂದಲೋ ಟಯರ್ ಕಂಪನಿಯೊಂದು ಉರುಳಿಕೊಂಡು ಬಂತು. ಬರೀ ಅಂತೆಕಂತೆ ಎಂದು ನಾನೂ ನಕ್ಕೆ. ನಗುತ್ತಲೇ ಮೇಜಿನ ಡ್ರಾಯರ್ ಖಾಲಿ ಮಾಡತೊಡಗಿದೆ. ಹೊಸ ಪುಸ್ತಕದ ಕೊನೆಯ ಕರಡು ನೋಡಲು ಕೂತರೆ ಅಕ್ಷರಗಳು ಕಣ್ಣಿಗೆ ಬೀಳುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ.

ಕೆಲಸ ಹೋದೀತು ಎಂಬ ಹೆದರಿಕೆ ಅಲ್ಲ, ನಂಬು. ತಪ್ಪು ಹುಡುಕುವ ಕಣ್ಣಿಗೆ ಎಲ್ಲಾದರೂ ಅನ್ನ ಹುಟ್ಟುತ್ತದೆ. ನನ್ನ ಹೆದರಿಕೆಯೆಲ್ಲ ದೋಣಿಯಜ್ಜಿಯದು. ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಹೇಳಿದರೆ ನನಗೆ ಸಮಾಧಾನ. ಮೊದಲ ಪುಸ್ತಕ ಇನ್ನೂ ಬಿಡಿ ಹಾಳೆಗಳಾಗಿದ್ದಾಗ, ಆಡಿ ನೋಡಲು ಜನ ಸಿಗದೆ, ನಿನ್ನನ್ನೂ ಅಮ್ಮನನ್ನೂ ಅಡುಗೆಮನೆಯ ಮೇಜಿಗೆ ಎಳೆದು ಕೂರಿಸಿದ್ದೆನಲ್ಲ. ನೀನು ಎಂದಿನಂತೆ ಕೊಡಲಿ ಹಿಡಿದ ದೈತ್ಯ. ಅಮ್ಮನಿಗೆ ರಾಣಿಯ ಪಾತ್ರ ಕೊಟ್ಟೆ. ಆಗಷ್ಟೇ ಬಸ್ಸಿನ ಪಾಳಿ ಮುಗಿಸಿ ಬಂದವಳು, ಕಂಡಕ್ಟರ್ ಚೀಲವನ್ನೂ ಹೆಗಲಿನಿಂದ ಇಳಿಸದೆ, “ರಾಣಿ ಗೀಣಿ ಎಲ್ಲಾ ಬೇಡ, ಕೆಲಸ ಇರೋ ಪಾತ್ರ ಏನಾದ್ರೂ ಇದ್ರೆ ಕೊಡು” ಎಂದಳು. ಹೊಳೆ ದಾಟಿಸುವ ಮುದುಕಿಯೊಬ್ಬಳು ಎಲ್ಲೋ ಅರ್ಧ ಸಾಲಿನಲ್ಲಿ ಬಂದು ಹೋಗುತ್ತಿದ್ದಳು. ಅವಳನ್ನೇ ಕೊಟ್ಟೆ. ನಿನ್ನ ದೈತ್ಯ ದೋಣಿಗೆ ಕಾಲಿಟ್ಟ ಕೂಡಲೇ, “ಊಟ ಆಯ್ತಾ? ಸುಳ್ಳು ಹೇಳ್ಬೇಡ” ಎಂದಳು. ಆಯ್ತು ಎಂದೆ ನೀನು. “ಮುಖ ನೋಡಿದ್ರೇ ಗೊತ್ತಾಗುತ್ತೆ, ಇಳಿ ಕೆಳಗೆ” ಎಂದಳು. ನೀನು ಕೊಡಲಿ ಎತ್ತಿದೆ. “ಅದನ್ನ ಸೀಟಿನ ಕೆಳಗಿಡು, ಬೇರೆಯವರ ಕಾಲಿಗೆ ತಗಲುತ್ತೆ” ಎಂದಳು. ನಾನು ನಕ್ಕು ನಕ್ಕು ದಾಳವನ್ನು ಒಲೆಯ ಹಿಂದಕ್ಕೆ ಬೀಳಿಸಿದ್ದೆ. ಮರುದಿನವೇ ಅದನ್ನು ಹಾಗೇ ಪುಸ್ತಕಕ್ಕೆ ಬರೆದೆ. ಹಸಿದುಕೊಂಡು ಬಂದು ಸುಳ್ಳು ಹೇಳಿದವರನ್ನು ದೋಣಿಯಜ್ಜಿ ದಾಟಿಸುವುದಿಲ್ಲ, ಅವರು ಯಾವ ರಾಜನ ಮಗನಾದರೂ ಸರಿ. ಈಗ ನಾವು ಕಾಣದ ಊರುಗಳಲ್ಲಿ, ಕಾಣದ ಮನೆಗಳಲ್ಲಿ, ಯಾರ್ಯಾರೋ ಮೇಜಿನ ಸುತ್ತ ಕೂತು ಒಬ್ಬರಿಗೊಬ್ಬರು ಊಟ ಆಯ್ತಾ ಎಂದು ಕೇಳುತ್ತಾರೆ. “ನನ್ನ ಮಾತಿಗೆ ನೀನು ಟಿಕೆಟ್ ಹರೀತಿದ್ದೀಯ” ಎಂದು ಅಮ್ಮ ನನ್ನನ್ನು ಕಾಡಿಸುತ್ತಿದ್ದಳು. ಒಳಗೊಳಗೆ ಅವಳಿಗೆ ಎಷ್ಟು ಖುಷಿಯಿತ್ತು ಎಂದು ನಿನಗೂ ಗೊತ್ತು.

ಅಮ್ಮನ ಫೋಟೋ ನೋಡಿದರೆ ನನಗೆ ಅಷ್ಟೇನೂ ಆಗುವುದಿಲ್ಲ ಕಣೋ. ಫೋಟೋದಲ್ಲಿ ಅವಳು ಸುಮ್ಮನಿದ್ದಾಳೆ. ಬದುಕಿದ್ದಾಗ ಅವಳೆಲ್ಲಿ ಸುಮ್ಮನಿದ್ದಳು? ಆದರೆ ಪ್ರತಿ ಹೊಸ ಪುಸ್ತಕಕ್ಕೂ ದೋಣಿಯಜ್ಜಿಯ ಮಾತು ಬರೆಯುವಾಗ, ಇದಕ್ಕೆ ಅಮ್ಮ ಏನನ್ನುತ್ತಿದ್ದಳು ಎಂದು ಕೇಳಿಕೊಳ್ಳುತ್ತೇನೆ, ತಕ್ಷಣ ಉತ್ತರ ಬರುತ್ತದೆ, ಬೈಗುಳದ ಸಮೇತ. ಅವಳು ಹೋದ ಮೇಲೆ ನಾನು ಅವಳ ಜೊತೆ ಮಾತಾಡಿದ್ದೆಲ್ಲ ಹೀಗೇ. ಅದನ್ನು ಯಾರೋ ಟಯರ್ ಮಾರುವವರ ಕೈಗೆ ಕೊಟ್ಟುಬಿಡುವುದೇ?

ಬುಧವಾರ ಚಿತ್ರಗಾರ ನನ್ನನ್ನು ಸನ್ನೆ ಮಾಡಿ ಕರೆದ. ನಮ್ಮ ಪುಸ್ತಕಗಳಿಗೆಲ್ಲ ಚಿತ್ರ ಬರೆಯುವವನು ಅವನೇ, ಗೊತ್ತಲ್ಲ, ತನ್ನ ಮದುವೆಯ ದಿನವೂ ಉಗುರಲ್ಲಿ ಹಸಿರು ಬಣ್ಣ ಇಟ್ಟುಕೊಂಡು ಬಂದಿದ್ದ. ಅವನ ಮೇಜಿನ ಮೇಲೆ ನಮ್ಮ ದೋಣಿಯಜ್ಜಿ ಇದ್ದಳು. ಆದರೆ ಅಜ್ಜಿಯಾಗಿರಲಿಲ್ಲ. ಇಪ್ಪತ್ತರ ಹುಡುಗಿ, ಸೊಂಟ ದಾಟುವ ಜಡೆ, ಕೈಯಲ್ಲಿ ಅದೇ ದೋಣಿಯ ಹುಟ್ಟು, ಅದೇ ಮೂಗು. “ಮಾಲೀಕರೇ ಹೇಳಿ ಮಾಡಿಸ್ತಿದಾರೆ. ಯಾಕೆ ಅಂತ ಕೇಳಬೇಡ ಅಂದ್ರು. ನಿನಗಂತೂ ತೋರಿಸಲೇಬೇಡ ಅಂದ್ರು” ಎಂದು ತೋರಿಸಿದ. ನನಗೆ ಎಲ್ಲ ಅರ್ಥವಾಗಿಹೋಯಿತು. ಸಿನಿಮಾದವರಾಗಲಿ ಬಿಸ್ಕತ್ತಿನವರಾಗಲಿ, ಕೊಳ್ಳುವವರಿಗೆ ಮುದುಕಿ ಬೇಡ, ಹುಡುಗಿ ಬೇಕು. ನಾಳೆ ಅವಳ ಕೈಗೆ ಹುಟ್ಟಿನ ಬದಲು ಕತ್ತಿ ಕೊಡುತ್ತಾರೆ, ನಾಡಿದ್ದು ಬಿಸ್ಕತ್ತು ಪೊಟ್ಟಣದ ಮೇಲೆ ನಿಲ್ಲಿಸಿ ಊಟ ಆಯ್ತಾ ಎಂದು ಹೇಳಿಸುತ್ತಾರೆ. ನೆಟ್ಟಗೆ ಮಾಲೀಕರ ಬಾಗಿಲಿಗೆ ಹೋಗಿ ತಟ್ಟಿದೆ. ಅವರು ಅರ್ಧ ಬಾಗಿಲು ತೆರೆದು, “ಸೋಮವಾರ ಬಾಮ್ಮಾ, ನಿನ್ನ ಹತ್ರ ಒಂದ್ ವಿಷಯ ಮಾತಾಡೋದಿದೆ” ಎಂದರು. ನಗುತ್ತಿದ್ದರು ಬೇರೆ. ಮಾರಿ ಮುಗಿಸಿದ ಮೇಲೆ ಮಾತಾಡುವುದಕ್ಕೆ ಏನು ಉಳಿದಿರುತ್ತದೆ, ನೀನೇ ಹೇಳು.

ಈಗ ಬೈಯಬೇಡ, ಕೊನೆಯವರೆಗೆ ಓದು. ನಮ್ಮಲ್ಲಿ ಒಂದು ನಿಯಮ ಇದೆಯಲ್ಲ, ಅಚ್ಚಾದದ್ದು ಆದದ್ದು. ಪುಸ್ತಕದಲ್ಲಿ ಸತ್ತವರು ಸತ್ತರು, ಹೋದವರು ಹೋದರು, ಮುಂದಿನ ಪುಸ್ತಕದಲ್ಲಿ ಅದೆಲ್ಲ ಕನಸಾಗಿತ್ತು ಎನ್ನುವ ಹಾಗಿಲ್ಲ. ಆಟಗಾರರು ನಮ್ಮನ್ನು ನಂಬುವುದೇ ಅದಕ್ಕೆ. ಕುಂಟ ರಾಜಕುಮಾರ ಸತ್ತಾಗ ಮೂಟೆಗಟ್ಟಲೆ ಕಾಗದ ಬಂದರೂ ಮಾಲೀಕರು ಅವನನ್ನು ಎಬ್ಬಿಸಲಿಲ್ಲ. ಕೊನೆಯ ಕರಡು ನನ್ನ ಕೈ ದಾಟಿದ ಮೇಲೆ ಯಾರೂ ನೋಡುವುದಿಲ್ಲ, ನೇರ ಅಚ್ಚಿಗೆ, ಎರಡೇ ದಿನದಲ್ಲಿ ಪುಸ್ತಕ ಸಿದ್ಧ. ಗುರುವಾರ ಬೆಳಗ್ಗೆ ಕೊನೆಯ ಪುಟದ ಕೆಳಗೆ ಖಾಲಿ ಇದ್ದ ಜಾಗದಲ್ಲಿ ನಾಲ್ಕು ಸಾಲು ಸೇರಿಸಿದೆ. ಪ್ರಯಾಣಿಕರು ಹೊಳೆಗೆ ಬರುತ್ತಾರೆ, ದೋಣಿ ಆಚೆದಡದಲ್ಲಿ ಕಟ್ಟಿದೆ, ಅಜ್ಜಿ ಇಲ್ಲ. ಈ ದಡದ ಕಲ್ಲಿನ ಮೇಲೆ ಎಲ್ಲರಿಗೂ ಆಗುವಷ್ಟು ಬುತ್ತಿ ಕಟ್ಟಿಟ್ಟಿದ್ದಾಳೆ. ಅವಳು ಇನ್ನು ಬರುವುದಿಲ್ಲ. ಅಷ್ಟೇ. ಸಾಯಿಸಲಿಲ್ಲ ಕಣೋ, ಅದು ನನ್ನ ಕೈಯಲ್ಲಿ ಆಗಲಿಲ್ಲ. ಕೊಂಡವರಿಗೆ ಇನ್ನು ಖಾಲಿ ಹೊಳೆ ಸಿಗುತ್ತದೆ. ಚಿತ್ರಗಾರನಿಗೆ ಮಾತ್ರ ಹೇಳಿದೆ. ಅವನು ಬಣ್ಣದ ಕೈಯಿಂದಲೇ ತಲೆ ಹಿಡಿದುಕೊಂಡು, “ದುಡ್ಡು ಕೊಟ್ಟು ತಗೊಳ್ಳೋನಿಗೆ ನಮ್ಮ ನಿಯಮ ಯಾವ ಲೆಕ್ಕ?” ಎಂದ. ಅವನಿಗೆ ಲೆಕ್ಕವಿಲ್ಲದಿರಬಹುದು, ಆಡುವವರಿಗಿದೆ. ವಾಪಸ್ ತಂದರೆ ಅವರು ಬಿಡುವುದಿಲ್ಲ, ಅಚ್ಚಾದದ್ದು ಎಲ್ಲಿ ಹೋಯಿತು ಎಂದು ಕೇಳುತ್ತಾರೆ ಎಂದು ವಾದ ಮಾಡಿದೆ. ಗೆದ್ದೆ ಕೂಡ. ಗೆದ್ದು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಮ್ಮನನ್ನು ಎರಡನೇ ಸಲ ಕಳಿಸಿಕೊಟ್ಟ ಹಾಗಾಯಿತು, ಈ ಸಲ ನನ್ನ ಕೈಯಿಂದಲೇ. ನಿನ್ನ ಭಾವ ಗಾಬರಿಯಾಗಿ ನೀರು ತಂದುಕೊಟ್ಟರು. ಸರಿ ಮಾಡಿದೆ ಎನ್ನಲೂ ಇಲ್ಲ, ತಪ್ಪು ಎನ್ನಲೂ ಇಲ್ಲ. ಅವರದು ಯಾವಾಗಲೂ ಹಾಗೇ, ಅಡ್ಡಗೋಡೆಯ ಮೇಲೆ ದೀಪ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಆ ಮೇಜಿನಲ್ಲಿ ಇದ್ದವರು ನಾವು ಮೂವರೇ. ನಾನು ಮಾಡಿದ್ದು ಸರಿ ಎಂದು ಒಂದು ಸಾಲು ಬರೆದುಬಿಡು. ತಪ್ಪು ಅನ್ನಿಸಿದರೂ ಸರಿ ಎಂದೇ ಬರೆ, ಅಕ್ಕನಿಗಾಗಿ ಅಷ್ಟು ಮಾಡು. ಸೋಮವಾರ ಹೋಗಿ ಮಾಲೀಕರ ಮುಖ ಹೇಗೆ ನೋಡಲಿ? ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು, ನಿನ್ನ ಸಾಮಾನಿನ ದೋಣಿಗೆ ಇದು ಸೇರಲೇಬೇಕು. ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ತಿನ್ನು, ಬಂಡೆಯ ಮೇಲೆ ಹುಷಾರಾಗಿ ನಡೆ, ನೂರು ಕಾಲ ಬಾಳು. ನಿನ್ನ ಭಾವ ನೆನಪು ಹೇಳಲು ಹೇಳಿದರು ಎಂದು ಬರೆಯುತ್ತಿದ್ದೇನೆ, ಅವರು ನಿದ್ದೆ ಮಾಡುತ್ತಿದ್ದಾರೆ.

ನಿನ್ನನ್ನು ನೆನೆಯುತ್ತಲೇ ಇರುವ,
ಅಕ್ಕ

ತಾ.ಕ.: ಅಂಚೆ ಡಬ್ಬಿಯ ಪಕ್ಕದ ಗೋಡೆಗೆ ಕಾಗದ ಒತ್ತಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ಮೆಟ್ಟಿಲಿಳಿಯುವಾಗ ಮಾಲೀಕರ ಫೋನ್ ಬಂತು. ಯಾರೂ ಏನನ್ನೂ ಮಾರುತ್ತಿಲ್ಲ. ಕೆಳಗಿನ ಹಾಲನ್ನು ಬಾಡಿಗೆಗೆ ಕೊಡುತ್ತಿದ್ದಾರೆ, ಅಳತೆ ಮಾಡಿದ್ದು ಅದಕ್ಕೆ. ಹೊಸ ಪುಸ್ತಕದ ಮೊದಲ ಪ್ರತಿ ಕೈಗೆ ಬಂದು ಕೊನೆಯ ಪುಟ ಓದಿದರಂತೆ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಯಾಕಮ್ಮಾ ಎಂದು ಕೇಳಿದರು, ಚಿತ್ರ ನೋಡಿದ್ದನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟೆ. “ಆ ಚಿತ್ರ ನಿನಗೇ ಅಂತ ಮಾಡಿಸಿದ್ದಮ್ಮಾ. ಅಜ್ಜಿ ಸಣ್ಣೋಳಾಗಿದ್ದಾಗಿನ ಪುಸ್ತಕ, ನೀನೇ ಬರೀಬೇಕು ಅಂತ ಸೋಮವಾರ ಹೇಳೋಣ ಅಂತಿದ್ದೆ” ಎಂದರು. ಪುಸ್ತಕದ ಕಟ್ಟುಗಳು ಅಂಗಡಿಗಳಿಗೆ ಹೊರಟಾಗಿದೆ. ಅವಳನ್ನು ಯಾರೂ ಕೇಳಿರಲಿಲ್ಲ ಗುಂಡಣ್ಣಾ, ನಾನೇ ಕಳಿಸಿಬಿಟ್ಟೆ. “ಮುಂದಿಂದು ಮುಗೀತು, ಹಿಂದಿಂದು ಇದೆಯಲ್ಲ, ಅದನ್ನ ಬರಿ” ಎಂದರು. ಹೂಂ ಎಂದುಬಿಟ್ಟೆ. ಏನೆಂದು ಬರೆಯಲಿ? ನಾನು ಕಣ್ಣು ಬಿಟ್ಟಾಗಿನಿಂದ ಅವಳು ಅಮ್ಮ, ಅದಕ್ಕೆ ಮೊದಲಿನದನ್ನು ಒಂದು ದಿನವೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಕೊನೆಗೊನೆಗೆ ಹಳೆಯದೆಲ್ಲ ಹೇಳುತ್ತಲೇ ಇದ್ದಳು ಎಂದಿದ್ದೆ ನೀನು. ಪಕ್ಕದಲ್ಲಿ ಕೂತು ಕೇಳಿಸಿಕೊಂಡವನು ನೀನೊಬ್ಬನೇ. ಇಪ್ಪತ್ತರಲ್ಲಿ ಅವಳಿಗೆ ಉದ್ದ ಜಡೆ ಇತ್ತಾ? ಯಾರ ಜೊತೆ ಜಗಳವಾಡುತ್ತಿದ್ದಳು? ಏನಾಗಬೇಕೆಂದು ಆಸೆಪಟ್ಟಿದ್ದಳು? ನನಗೆ ಅವಳ ಮಾತು ಬರುತ್ತದೆ, ಅವಳು ಗೊತ್ತಿಲ್ಲ. ರಜೆ ಹಾಕಿ ಬಾ.