ಹೊರಡುವವರ ಮಾತು

ಕು ದಲ್‌ಸು ಅವರಿಗೆ,

ನೀವು ಬರೆದ ‘ದಕ್ಕೆಯ ಹೆಂಡತಿ’ ಹಾಡನ್ನು ಕ್ಯಾಸೆಟ್ಟಿನ ಕಾಲದಿಂದ ಯಾರ್ಯಾರೋ ಹಾಡಿ ಅತ್ತರು, ನಾನು ತುಟಿ ಬಿಚ್ಚಲಿಲ್ಲ. ನಿನ್ನೆ ನಿಮ್ಮ ಹೊಸ ಗಾಯಕಿ ನನ್ನ ಮೀನಂಗಡಿಗೇ ಬಂದು, “ಅಜ್ಜಿ, ಗಂಡನಿಗೆ ಕಾದೋರು ನೀವೇ ಅಲ್ವಾ? ಟೀವೀಲಿ ಸ್ವಲ್ಪ ಅತ್ತುಬಿಡಿ, ಸಾಕು” ಎಂದಳು.

ನಮ್ಮಲ್ಲಿ ಹೊರಡುವವರು ‘ಸುಖವಾಗಿರಿ’ ಅನ್ನಬೇಕು, ಉಳಿಯುವವರು ‘ಸುಖವಾಗಿ ಹೋಗಿ’ ಅನ್ನಬೇಕು. ಮಾತು ಕಲಿತ ಕೂಸಿಗೂ ಇದು ಗೊತ್ತು. ಅಂದು ಗುನ್ಸಾನ್ ಊರಿನ ನಮ್ಮ ಮನೆಯಲ್ಲಿ ಕುಡಿದು ಬಿದ್ದಿದ್ದವರು ನೀವು. ಗಂಟು ಕಟ್ಟಿಕೊಂಡು ಹೊಸಿಲು ದಾಟಿ ‘ಸುಖವಾಗಿರಿ’ ಎಂದವಳು ನಾನು. ಪಲ್ಲವಿಯಲ್ಲಿ ಅದನ್ನು ‘ಸುಖವಾಗಿ ಹೋಗಿ’ ಮಾಡಿ, ನೀವು ಹಡಗು ಹತ್ತಿದಿರಿ, ನನ್ನನ್ನು ದಕ್ಕೆಯಲ್ಲಿ ಅಳಲು ನಿಲ್ಲಿಸಿದಿರಿ.

ಆ ಪದ ತಿದ್ದಿಸಿ. ಇಲ್ಲವಾದರೆ ಟೀವಿಗೆ ಬಂದು ನಾನೇ ತಿದ್ದಿ ಹಾಡುತ್ತೇನೆ.

ಈ ಪತ್ರದಿಂದಲೂ ಎದ್ದು ಹೋಗುವವಳು ನಾನೇ.

ಸುಖವಾಗಿರಿ.

ಮಾ ಓಕ್‌ಬುನ್